ಕಡತ: ಕಾಗದಕ್ಕೆ ಮುಂಚಿನ ಲೆಕ್ಕದ ಬಟ್ಟೆ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆ ಸೇರಿದಂತೆ ಹಳೆಯ ಮೈಸೂರಿನಲ್ಲಿ ಲೆಕ್ಕ, ದಾಖಲೆ ಬರೆಯಲು ಒದಗಿದ್ದು ಕಡತ.

ಕಡತ ಎಂದರೆ ಹತ್ತಿಬಟ್ಟೆಯ ಉದ್ದನೆಯ ಪಟ್ಟಿ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು ಒಣಗಿಸುತ್ತಿದ್ದರು. ಕಪ್ಪಾದ ಬಟ್ಟೆಯನ್ನು ಕತ್ತರಿಸದೆ ಸಮನಾಗಿ ಮಡಚಿ, ಎರಡು ತುದಿಗೂ ಮರದ ಹಲಗೆ ಕೂಡಿಸಿದರೆ ಪುಸ್ತಕವೇ ಸಿದ್ಧ. ಬರೆಯಲು ಬಳಪ. ತಪ್ಪಾದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು. ಈ ಅನುಕೂಲ ಓಲೆಗರಿಗೆ ಇರಲಿಲ್ಲ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥದಲ್ಲಿ ಕಡತದ ಅಳತೆ ಕೊಟ್ಟಿದ್ದಾನೆ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ.

ಶಾನುಭೋಗರ ಲೆಕ್ಕ, ವರ್ತಕರ ಸಾಲ-ಜಮೆ, ಮಠಗಳ ದಾಖಲೆ ಎಲ್ಲವೂ ಇದರಲ್ಲೇ. ಹಿಂದಿನ ಕಡೂರು ಜಿಲ್ಲೆಗೆ ಸೇರಿದ್ದ ಶೃಂಗೇರಿ ಮಠದ ಕಡತಗಳು ಅಮೂಲ್ಯ ಆಕರಗಳು. ಶಾಸನಗಳಷ್ಟೇ ಶ್ರದ್ಧೆಯಿಂದ ಪರೀಕ್ಷೆಗೆ ಓದುವ ಅಭ್ಯರ್ಥಿಗಳು ಇವನ್ನೂ ಓದಬೇಕು.

ಗಿರಣಿ ಕಾಗದದ ವಿಷಯಕ್ಕೆ ಬಂದರೆ, ತರೀಕೆರೆಯ ನೆರೆಯ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ.

ಗಮನಿಸಿ: ಕಡತದ ಮೂಲವಸ್ತು ಯಾವುದೆಂದು ಕೇಳಿದರೆ ಉತ್ತರ ಬಟ್ಟೆ, ತಾಳೆಗರಿಯೂ ಅಲ್ಲ, ಕಾಗದವೂ ಅಲ್ಲ.