ಒಲೆಗೆ ಉರಿ, ಹೊಲಕ್ಕೆ ಸಾರ

ಭೂಮಿಯಿಂದ ಪಡೆದುದನ್ನು ಭೂಮಿಗೆ ಹಿಂದಿರುಗಿಸಬೇಕೆಂಬುದು ಒಕ್ಕಲುತನದ ಮೂಲಧರ್ಮ. ಆದರೆ ಕೊಟ್ಟಿಗೆಯ ಸಗಣಿಗೆ ಹೊಲವೂ ಒಲೆಯೂ ಏಕಕಾಲದಲ್ಲಿ ಕೈಯೊಡ್ಡುತ್ತವೆ. ಕುಳ್ಳು ತಟ್ಟಿ ಉರಿಸಿದರೆ ಅನ್ನವೇನೋ ಬೇಯುತ್ತದೆ. ಅದರಲ್ಲಿದ್ದ ಸಾರಜನಕವು ಹೊಗೆಯೊಡನೆ ಹೋಗಿ ಬೂದಿಯಷ್ಟೇ ಉಳಿಯುತ್ತದೆ. ತಿಪ್ಪೆಗೆ ಹಾಕಿದರೆ ಒಲೆಗೆ ಸೌದೆಯನ್ನು ಅರಸಬೇಕಾಗುತ್ತದೆ. ಈ ಕಲಹವನ್ನು ಬಿಡಿಸುವ ಸಾಧನವೇ ಗೋಬರ್ ಅನಿಲ ಸ್ಥಾವರ.

ಸಗಣಿಯನ್ನು ಸಮಪ್ರಮಾಣದ ನೀರಿನಲ್ಲಿ ಕಲಸಿ, ಗಾಳಿಯಾಡದ ತೊಟ್ಟಿಯಲ್ಲಿ ಸುಮಾರು 40ರಿಂದ 55 ದಿನ ಇರಿಸಿದರೆ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸುತ್ತವೆ. ಆಗ ಹುಟ್ಟುವ ಅನಿಲದಲ್ಲಿ ಮುಖ್ಯವಾದವು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್. ಇವುಗಳಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕಗಳು ಮಾತ್ರ. ಪೈರಿಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಹುಮಟ್ಟಿಗೆ ಬಗ್ಗಡದಲ್ಲಿಯೇ ಉಳಿಯುತ್ತವೆ. ಸಾರಜನಕದ ಒಂದು ಭಾಗವು ಅಮೋನಿಯಂ ರೂಪವನ್ನು ತಾಳುವುದರಿಂದ ಬೇರುಗಳಿಗೆ ಬೇಗನೆ ದಕ್ಕುತ್ತದೆ. ಜೀರ್ಣವಾಗದ ನಾರು ಮಣ್ಣಿನೊಡನೆ ಬೆರೆತು ತೇವವನ್ನು ಹಿಡಿದಿಡುತ್ತದೆ.

ಎಚ್ಚರ ತಪ್ಪುವುದು ಇಲ್ಲಿಯೇ. ನೀಲಿಯ ಉರಿಯನ್ನು ಕಂಡು ಸಂತೋಷಪಟ್ಟವರು ಹೊರಗುಂಡಿಯತ್ತ ಕಣ್ಣು ಹಾಯಿಸುವುದಿಲ್ಲ. ಬಗ್ಗಡವನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಅಮೋನಿಯಾ ಗಾಳಿಗೆ ಹಾರಿಹೋಗುತ್ತದೆ. ಹೊಗೆಯಿಂದ ಉಳಿಸಿದುದನ್ನು ಬಿಸಿಲಿಗೆ ತೆತ್ತಂತಾಗುತ್ತದೆ. ಆದುದರಿಂದ ಹಸಿಯ ಬಗ್ಗಡವನ್ನು ನೀರಾವರಿಯ ನೀರಿನೊಡನೆ ಹಾಯಿಸಬೇಕು, ಅಥವಾ ಹೊಲಕ್ಕೆ ಚೆಲ್ಲಿದ ಕೂಡಲೇ ಮಣ್ಣಿನಲ್ಲಿ ಬೆರೆಸಬೇಕು. ಪೈರಿಲ್ಲದ ಕಾಲದಲ್ಲಿ ನೆರಳಿನ ಗುಂಡಿಯೊಳಗೆ ಒಣ ಎಲೆ, ಕಸಕಡ್ಡಿಗಳೊಡನೆ ಪದರಪದರವಾಗಿ ಕೂಡಿಸಿ ಕಾಂಪೋಸ್ಟ್ ಮಾಡುವುದು ಲೇಸು.

ಬಗ್ಗಡದ ಬೆಲೆಯನ್ನರಿತು ನಡೆದ ಪ್ರಯತ್ನಕ್ಕೆ ನಿದರ್ಶನ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರವು ಸ್ಥಾಪಿಸಿದ ಸಮುದಾಯ ಸ್ಥಾವರದ ಅನಿಲದಿಂದ 1987ರಲ್ಲಿ ಮನೆಗಳಿಗೆ ದೀಪವೂ ಕೊಳವೆಬಾವಿಯ ನೀರೂ ದೊರಕಿದವು. ಸಗಣಿ ತಂದೊಪ್ಪಿಸಿದ ಮನೆಯವರು ಬಗ್ಗಡವನ್ನು ಹಿಂದಕ್ಕೊಯ್ಯುತ್ತಿದ್ದರು. ಊರಿಗೆ ಬೆಳಕು ದೊರೆತರೂ ಹೊಲದ ಪಾಲು ಕಡಿಮೆಯಾಗಲಿಲ್ಲ.

ನಿತ್ಯ ದಾಸೋಹ ನಡೆಯುವ ಮಠಗಳಿಗೂ ವಿದ್ಯಾರ್ಥಿನಿಲಯಗಳಿಗೂ ಇದು ಮನನೀಯ. ಅಡುಗೆಮನೆಯಲ್ಲಿ ಉಳಿದ ಅನ್ನವನ್ನೂ ತರಕಾರಿಯ ಸಿಪ್ಪೆಯನ್ನೂ ಸಗಣಿಯೊಡನೆ ಮಿತವಾಗಿ ಸೇರಿಸಬಹುದು. ಒಮ್ಮೆಲೇ ಅತಿಯಾಗಿ ತುಂಬಿದರೆ ಹುಳಿಯೇರಿ ಅನಿಲವೇ ನಿಂತುಹೋಗುತ್ತದೆ. ಸ್ಥಾವರಕ್ಕೆ ನೆರವು ನೀಡುವ ದಾನಿಗಳು ಒಲೆಯ ಉರಿಯೊಡನೆ ಬಗ್ಗಡದ ಗುಂಡಿಯನ್ನೂ ನೋಡಲಿ. ಶಿಕ್ಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಉಂಡವರು ನೆಲದ ಋಣವನ್ನು ತೀರಿಸುವ ಸ್ಥಳ ಅದು. ಮಣ್ಣಿಗೂ ದಾಸೋಹ ಸಂದಾಗಲೇ ಮನುಷ್ಯರ ದಾಸೋಹಕ್ಕೆ ಧಾನ್ಯ ದೊರಕೀತು.