ಪ್ರವಾಸದ ಕ್ರೆಡಿಟ್ ಕಾರ್ಡ್: ಅರ್ಜಿ ಹಾಕುವ ಮುನ್ನ

ಪ್ರವಾಸದ ಕ್ರೆಡಿಟ್ ಕಾರ್ಡಿಗೆ ಅರ್ಜಿ ಬಂದಾಗ ಬ್ಯಾಂಕು ಮೊದಲು ನೋಡುವುದು ಅರ್ಜಿದಾರರ ಸಾಲದ ಚರಿತ್ರೆಯನ್ನು. ಭಾರತದಲ್ಲಿ ಆ ಚರಿತ್ರೆಯನ್ನು ಅಳೆಯುವ ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಸಾಮಾನ್ಯವಾಗಿ ದಾರಿ ಸುಗಮ. ಸ್ಕೋರಿನ ಹಿಂದಿರುವ ಸಾಲದ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದನ್ನು ತರಿಸಿಕೊಂಡು ಸಾಲುಸಾಲಾಗಿ ಓದಬೇಕು. ಎಂದೋ ತೀರಿಸಿದ ಬೈಕ್ ಸಾಲ ಅಲ್ಲಿ ಇನ್ನೂ ‘ಬಾಕಿ’ ಎಂದೇ ಕಾಣುವುದುಂಟು. ಅಂಥದ್ದಕ್ಕೆ ದೂರು ಕೊಡಬೇಕು. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ.

ಅರ್ಜಿಯ ಜೊತೆ ಪ್ಯಾನ್, ವಿಳಾಸದ ದಾಖಲೆ, ಸಂಬಳದ ಚೀಟಿ ಅಥವಾ ಆದಾಯ ತೆರಿಗೆ ರಿಟರ್ನ್ ಬೇಕಾಗುತ್ತವೆ. ಹೆಸರಿನ ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಕಡೆ ಮಾಮೂಲು. ಅರ್ಜಿ ಅಲ್ಲೇ ಸಿಕ್ಕಿಕೊಳ್ಳಬಹುದು. ಒಂದೇ ವಾರದಲ್ಲಿ ನಾಲ್ಕಾರು ಬ್ಯಾಂಕುಗಳಿಗೆ ಅರ್ಜಿ ಹಾಕುವುದೂ ತರವಲ್ಲ. ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗಿ ಸ್ಕೋರ್ ತುಸು ಇಳಿಯಬಹುದು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ತಿಳಿಸುವುದು ಬ್ಯಾಂಕಿನ ಹೊಣೆ. ಸಾಲದ ಚರಿತ್ರೆಯೇ ಇಲ್ಲದವರಿಗೆ ನಿಶ್ಚಿತ ಠೇವಣಿಯ ಮೇಲೆ ಸಿಗುವ ಕಾರ್ಡ್ ಒಳ್ಳೆಯ ಆರಂಭ.

ಏರ್‌ಪೋರ್ಟ್ ಲೌಂಜು, ವಿಮಾನದ ಮೈಲುಗಳ ಆಮಿಷ ದೊಡ್ಡದು. ಆದರೆ ವಾರ್ಷಿಕ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಇದೆ; ವಿದೇಶದಲ್ಲಿ ಉಜ್ಜಿದರೆ ಹಲವು ಕಾರ್ಡುಗಳು ಶೇ 3.5ರಷ್ಟು ಹೆಚ್ಚುವರಿ ಹಿಡಿಯುತ್ತವೆ. ವರ್ಷಕ್ಕೊಮ್ಮೆ ಊರ ಜಾತ್ರೆಗೆ ರೈಲಿನಲ್ಲಿ ಹೋಗಿಬರುವವರಿಗೆ ಇಂಥ ಕಾರ್ಡ್ ದಂಡ. ಬಿಲ್ಲನ್ನು ಪೂರ್ತಿ ಕಟ್ಟದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಬಡ್ಡಿ ವರ್ಷಕ್ಕೆ ಶೇ 40 ದಾಟುವುದು ಸಾಮಾನ್ಯ. ಯಾವ ರಿವಾರ್ಡ್ ಪಾಯಿಂಟೂ ಅದನ್ನು ತುಂಬಿಕೊಡುವುದಿಲ್ಲ.