ಮಾತು ನಿಂತವರಿಗೆ ಹಾಡಿನ ಆಸರೆ

ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ರೋಣದ ಸೀಮೆ ನಮ್ಮದು. ಹಾಡು ಚಿಕಿತ್ಸೆಗೂ ಬರುತ್ತದೆಂದು ಬಲ್ಲಿರಾ?

ಲಕ್ವಾ ಹೊಡೆದು ‘ನೀರು’ ಎನ್ನಲಾಗದ ಕೆಲವರು ಬಲ್ಲ ಹಾಡನ್ನು ಪದಸಮೇತ ಹಾಡುತ್ತಾರೆ. ಮಾತಿನ ಕೇಂದ್ರ ಸಾಮಾನ್ಯವಾಗಿ ಮಿದುಳಿನ ಎಡಭಾಗದಲ್ಲಿದೆ. ಹಾಡಿಗೆ ಬಲಭಾಗವೂ ಕೈಗೂಡಿಸುತ್ತದೆ. ಇದನ್ನೇ ಹಿಡಿದು ಬೋಸ್ಟನ್ನಿನ ಮಾರ್ಟಿನ್ ಆಲ್ಬರ್ಟ್ ಮತ್ತು ಸಂಗಡಿಗರು 1973ರಲ್ಲಿ ಒಂದು ವಿಧಾನ ಪ್ರಕಟಿಸಿದರು: ಎಡಗೈಯಿಂದ ತಾಳ ಹಾಕಿಸುತ್ತ, ‘ನೀರು ಕೊಡಿ’ ಎಂಬಂಥ ಮಾತನ್ನು ಎರಡೇ ಸ್ವರದಲ್ಲಿ ಹಾಡಿಸುವುದು. ಎಲ್ಲರಿಗೂ ಫಲಿಸದು, ನಿಜ.

ಪೆಟ್ಟು ಎಲ್ಲಿ ಬಿದ್ದಿದೆಯೆಂದು ವೈದ್ಯ ಬಲ್ಲ. ಲಯ ಎಷ್ಟು ನಿಧಾನವಿರಬೇಕೆಂದು ಗಾಯಕ ಬಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಸಂಗೀತ ಮತ್ತು ಮಿದುಳಿನ ಅಧ್ಯಯನ ನಡೆದಿದೆ. ಮಾತು ನಿಂತ ಅಜ್ಜ ಗುನುಗಿದರೆ ‘ಸುಮ್ನಿರ್ರಿ’ ಎನ್ನಬೇಡಿ, ವೈದ್ಯರಿಗೆ ತಿಳಿಸಿ.